ಅರಕಲಗೂಡಿನ ಓರೆಗೆರೆ

ಫೈಲಿನ ಹೆಸರಿನೊಳಗೆ ಎರಡು ಓರೆಗೆರೆಗಳಿದ್ದವು. ಎರಡೂ ಎಡಕ್ಕೆ ವಾಲಿದ್ದವು. ಹೋಬಳಿ, ಗೆರೆ, ಊರು, ಗೆರೆ, ರೈತರ ಹೆಸರು, ಎಲ್ಲ ಸೇರಿ ಒಂದೇ ಉದ್ದ ಹೆಸರು. ಅದನ್ನು ನೋಡುತ್ತಲೇ ಆರಿದ ಕಾಫಿ ಕುಡಿದೆ.

ಹಾಸನದ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನನ್ನ ಕೆಲಸ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಶಾಖೆಗಳಲ್ಲಿ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಅಲ್ಲಿಯ ಫಲಿತಾಂಶಗಳು ಕಟ್ಟಾಗಿ ನಮಗೆ ಬರುತ್ತವೆ. ನಾನು ಇನ್ನೊಂದು ಸಾಲು ಟೈಪ್ ಮಾಡಿದರೆ ಕಟ್ಟು ಬಿಚ್ಚಿ, ಹೊಲಕ್ಕೆ ಯಾವ ಗೊಬ್ಬರ ಎಷ್ಟು ಎಂದು ಹೇಳುವ ರೈತರ ಕಾರ್ಡುಗಳು ತಯಾರಾಗುತ್ತವೆ. ಎರಡೂ ಕಡೆ ಓಡುವ ಆ ಪ್ರೋಗ್ರಾಂ ನಾನೇ ಬರೆದದ್ದು. ಆ ದಿನ ಅರಕಲಗೂಡಿನ ಕಾರ್ಡು ಒಂದೂ ಬರಲಿಲ್ಲ.

“ಅರಕಲಗೂಡಿನ ಆಯಮ್ಮ ಕೆಲಸಾನೇ ಮಾಡ್ತಿಲ್ಲ ಕಣಮ್ಮ,” ಎಂದರು ನಮ್ಮ ಅಧಿಕಾರಿ. “ಆಲೂಗಡ್ಡೆ ಬಿತ್ತನೆ ಹತ್ರ ಬಂತು. ನಾಳೆ ಬೇರೆಯವರನ್ನ ಹಾಕ್ತೀನಿ.”

ಅರಕಲಗೂಡಿನ ಆಪರೇಟರಿಗೆ ಫೋನ್ ಮಾಡಿದೆ. ನನಗಿಂತ ದೊಡ್ಡವರು.

“ಕಳ್ಸಿದ್ದೀನಿ ಮೇಡಂ! ಈ ಸಲ ಊರೂರಿಗೂ ಬ್ಯಾರೆ ಫೋಲ್ಡರ್ ಮಾಡಿ ಮಡಗಿದ್ದೀನಿ.”

“ಎಲ್ಲಾನೂ ಒಂದೇ ಫೋಲ್ಡರಿಗೆ ಹಾಕೋಕಾಗಲ್ವಾ ಅಕ್ಕ? ಉಳಿದೋರು ಹಾಗೇ ಮಾಡ್ತಾರೆ.”

“ಅಂಗೆ ಸುರುದ್ರೆ, ಊರೋರು ಬಂದು ನಿಂತ್ಕಂಡಾಗ ಎಲ್ಲೀಂತ ಉಡುಕ್ಲಿ? ನಿಮ್ಮನೇಲಿ ರಾಗಿನೂ ಅವರೆನೂ ಒಂದೇ ಮೂಟೆಗೆ ತುಂಬ್ತೀರಾ?” ನಕ್ಕರು. ಆಮೇಲೆ ದನಿ ತಗ್ಗಿಸಿ, “ಸಾಯೇಬ್ರು ಏನಾರ ಅಂದ್ರಾ?”

“ಇಲ್ಲ,” ಎಂದೆ.

ಶಾಖೆಗಳ ಕಂಪ್ಯೂಟರುಗಳಲ್ಲಿರುವುದು ವಿಂಡೋಸ್, ನನ್ನದರಲ್ಲಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ಅಲ್ಲಿ ಎಡಕ್ಕೆ ವಾಲಿದ ಗೆರೆಯೆಂದರೆ ಒಂದು ಫೋಲ್ಡರಿನಿಂದ ಅದರೊಳಗಿನ ಇನ್ನೊಂದಕ್ಕೆ ದಾರಿ. ಇಲ್ಲಿ ಆ ದಾರಿಗೆ ಬಲಕ್ಕೆ ವಾಲಿದ ಗೆರೆಯೇ ಬೇಕು. ಎಡದ್ದು ಹೆಸರಿನಲ್ಲಿ ಇನ್ನೊಂದು ಗುರುತಷ್ಟೆ. ನನ್ನ ಪ್ರೋಗ್ರಾಂ ಊರುಗಳ ಫೋಲ್ಡರು ಹುಡುಕಿ, ಸಿಗದೆ, ತಕರಾರೂ ಎತ್ತದೆ ಸೊನ್ನೆ ತೋರಿಸಿತ್ತು. ಎಲ್ಲವನ್ನೂ ಒಂದೇ ಕಡೆ ಸುರಿದವರ ಫೈಲುಗಳಲ್ಲಿ ಗೆರೆಯೇ ಇರಲಿಲ್ಲ. ಒಪ್ಪವಾಗಿ ಇಟ್ಟವರದೇ ಕಾಣೆಯಾಗಿತ್ತು.

ದಾರಿ ಬರುವ ಜಾಗಗಳನ್ನೆಲ್ಲ ಹುಡುಕಿ, ಎರಡೂ ಗೆರೆಗಳನ್ನು ಒಪ್ಪುವಂತೆ ತಿದ್ದುತ್ತಾ ಹೋದೆ. ಲಿನಕ್ಸಿನಲ್ಲಿ ಸರಿಯಾದದ್ದು ವಿಂಡೋಸಿನಲ್ಲಿ ಕೆಡುತ್ತಿತ್ತು. ಈ ವರ್ಷ ಇಂಥ ತಿದ್ದುಪಡಿ ಎಷ್ಟನೆಯದೋ. ಸಂಜೆ ಕಚೇರಿ ಖಾಲಿಯಾಗುವ ಹೊತ್ತಿಗೆ ಅರಕಲಗೂಡಿನ ಊರುಗಳು ಒಂದೊಂದಾಗಿ ತೆರೆದುಕೊಂಡವು. ಸಂತೋಷವೇನೂ ಆಗಲಿಲ್ಲ, ಕತ್ತು ನೋಯುತ್ತಿತ್ತು. ಅಧಿಕಾರಿ ಮನೆಗೆ ಹೋಗಿದ್ದರು, ಫೋನ್ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವರಿಗಿಂತ ಮುಂಚೆ ಹೋಗಿ, ಕಾರ್ಡುಗಳನ್ನು ಊರಿನ ಪ್ರಕಾರ ಕಟ್ಟಿ ಅವರ ಮೇಜಿನ ಮೇಲಿಟ್ಟೆ. ಬಂದವರು ಒಂದು ಕಟ್ಟು ಎತ್ತಿ ನೋಡಿದರು.

“ಆಯಮ್ಮ ಕಳಿಸಿದ್ರು ಸರ್. ಕಾಣದೇ ಹೋಗಿದ್ದು ಇಲ್ಲಿ, ನನ್ನ ಪ್ರೋಗ್ರಾಮಿಗೆ.”

“ಹಂಗಾದ್ರೆ ಬೇರೆಯವರು ಬೇಡ. ನೀನೇ ತಗೊಂಡೋಗಿ ಆಯಮ್ಮಂಗೆ ಕೊಟ್ಟು ಬಾ.”

ಕಟ್ಟುಗಳನ್ನು ಚೀಲಕ್ಕೆ ತುಂಬಿ ಅರಕಲಗೂಡಿನ ಬಸ್ಸು ಹತ್ತಿದೆ. ಕಿಟಕಿಗೆ ತಲೆಯಾನಿಸಿ ನಿದ್ದೆಹೋದೆ.