ಅರಮನೆ ತೋಟದ ಕುರಿ

ಸಾಂಗಲಿಯ ಅರಮನೆ ನೋಡಿ ದಣಿದು ಅದರ ತೋಟದ ಬೆಂಚಿನ ಮೇಲೆ ಕುಳಿತಿದ್ದೆ. ಎದುರಿಗೆ ಗಿಡಗಳನ್ನು ಕತ್ತರಿಸಿ ಆನೆ, ನವಿಲು, ಕುರಿಯ ಆಕಾರ ಕೊಟ್ಟಿದ್ದರು. ಸಲಗರೆ ಎಂಬ ಹಳ್ಳಿಯಿಂದ ಬಂದಿದ್ದ, ಕುರಿ ಕಾಯುವ ಅಜ್ಜಿಯೊಬ್ಬಳು ಆನೆಯನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಕುರಿಯ ಹತ್ತಿರ ಹೋಗಿ, ಅದರ ಎಲೆಗಿವಿಗಳನ್ನು ಸವರಿದಳು.

“ಕಿವಿ ಹಂಗ ಬಿಟ್ಟೀರಲ್ಲ. ಯಾರ ಕುರಿ ಅಂತ ಹ್ಯಾಂಗ ಗೊತ್ತಾಗಬೇಕು?” ಎಂದು ಅಲ್ಲೇ ಗಿಡ ಕತ್ತರಿಸುತ್ತಿದ್ದ ಮಾಲಿಯನ್ನು ಕೇಳಿದಳು. ಹಿಂಡುಗಳು ಬೆರೆತಾಗ ಗುರುತು ಸಿಗಲೆಂದು ಕುರಿ ಕಾಯುವವರಲ್ಲಿ ಒಂದೊಂದು ಮನೆಯವರು ಕುರಿಯ ಕಿವಿಯನ್ನು ಒಂದೊಂದು ರೀತಿ ಕತ್ತರಿಸುತ್ತಾರಂತೆ.

ಮಾಲಿ ನಗುತ್ತ ಕತ್ತರಿ ಎತ್ತಿದ. “ನಿಮ್ಮ ಗುರುತು ಹೇಳ್ರಿ ಮಾವಶಿ, ಹಾಕತೇನಿ.”

ಅಜ್ಜಿ ಆ ಕಿವಿಗೆ ಕೈ ಅಡ್ಡ ಹಿಡಿದಳು. “ಬ್ಯಾಡಪ್ಪಾ. ನಮ್ಮ ಗುರುತು ಬಿತ್ತಂದ್ರ ಇದನ್ನ ಇಲ್ಲೇ ಬಿಟ್ಟು ಹ್ಯಾಂಗ ಹೋಗಲಿ?”