ಕೇಳುವ ಮೊದಲೇ ಬಂದ ಉತ್ತರಗಳು

ಕೇಂದ್ರದ ತನಿಖಾ ಇಲಾಖೆಗೆ ಸೇರಿ ಐದು ತಿಂಗಳಾಗಿತ್ತು. ಪಿಸ್ತೂಲು, ಬೆನ್ನಟ್ಟೋದು ಎಲ್ಲ ಸಿನಿಮಾದವರಿಗೇ ಇರಲಿ. ಹಾಸನದ ಕಚೇರಿಯಲ್ಲಿ ಹೊಸಬನಾದ ನನ್ನ ಪಾಲಿಗೆ ಬಂದದ್ದು ಊರೂರು ಸುತ್ತುವ ಕೆಲಸ: ಇಲಾಖೆಗೆ ಆಯ್ಕೆಯಾದ ಹುಡುಗರ ನಡತೆ ಎಂಥದು ಅಂತ ವಿಚಾರಿಸಿ ಬರೆಯುವುದು. ಮೊದಲು ಟೀ ಅಂಗಡಿ, ಆಮೇಲೆ ಪಕ್ಕದ ಮನೆ, ಕೊನೆಗೆ ಅವನ ಮನೆ. ಮುಂಚೆ ತಿಳಿಸಿ ಹೋಗೋ ಹಾಗಿಲ್ಲ.

ಆ ದಿನ ಹೋಗಿದ್ದು ಅರಕಲಗೂಡಿನ ಆಚೆಯ ಒಂದು ಹಳ್ಳಿಗೆ. ಹನ್ನೊಂದು ಗಂಟೆಯ ಬಿಸಿಲು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಾಗಿಲು ತೆರೆದವರು ಹುಡುಗನ ತಾಯಿ. ಯಾರು, ಏನು ಅಂತ ಕೇಳಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಬನ್ನಿ ಸಾ, ಕುಂತ್ಕಳಿ" ಅಂತ ಒಳಗೆ ಹೋಗಿ ಕಾಫಿ ತಂದರು. ಸಕ್ಕರೆ ಹಾಕಿರಲಿಲ್ಲ. ತಟ್ಟೆಯಲ್ಲಿ ಲೋಟದ ಪಕ್ಕ ಒಂದು ಚೂರು ಬೆಲ್ಲ.

ನಾನು ಕಾಫಿ ಕುಡಿಯೋದು ಹಾಗೇ. ಬೆಲ್ಲ ಕಚ್ಚಿಕೊಂಡು ಕುಡಿಯುವ ಈ ಚಟ ದಂಡಿಗನಹಳ್ಳಿ ಕಡೆಯ ನಮ್ಮ ತಾತನಿಂದ ಬಂದದ್ದು. ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆ ಬಿಸಿಲಲ್ಲೂ ಮೈ ಜುಂ ಅಂತು.

ಫೈಲು ಬಿಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಗೋಡೆ ನೋಡಿಕೊಂಡು, ಮಗ್ಗಿ ಒಪ್ಪಿಸುವ ಹಾಗೆ ಶುರು ಮಾಡಿದರು. "ಕುಡಿಯಾಕಿಲ್ಲ ಸಾ. ಇಸ್ಪೀಟು ಮುಟ್ಟಾಕಿಲ್ಲ. ಯಾವ ಪಾರ್ಟಿಗೂ ಓಗಾಕಿಲ್ಲ. ಎಣ್ಣು ನೋಡ್ತಾ ಇವ್ನಿ, ಜಾತಕ ಬಂದದೆ, ಗುರುಬಲ ಬರ್ಲಿ ಅಂತ ಕಾಯ್ತಾ ಇವ್ನಿ."

ಅಯ್ಯೋ ದೇವರೇ! ಇದೇ ಮಾತು, ಇದೇ ಕ್ರಮ. ನನ್ನ ನಡತೆ ವಿಚಾರಿಸಲು ಬಂದವನ ಮುಂದೆ ನಮ್ಮವ್ವ ಒಪ್ಪಿಸಿದ್ದೂ ಇದನ್ನೇ. ಅಡುಗೆಮನೆಯಲ್ಲಿ ನಿಂತು ನಾನೇ ಕೇಳಿಸಿಕೊಂಡಿದ್ದೆ. ನನಗೆ ಯಾವ ಜಾತಕವೂ ಬಂದಿರಲಿಲ್ಲ.

ಆಕೆ ನೋಡುತ್ತಿದ್ದ ಕಡೆ ತಿರುಗಿದೆ. ಹೊಗೆ ಹಿಡಿದ ಗೋಡೆಯಲ್ಲಿ, ದೇವರ ಪಟಗಳ ಪಕ್ಕ, ಒಂದು ಚೌಕ ಬೆಳ್ಳಗಿತ್ತು. ಮೊಳೆ ಇತ್ತು, ಫೋಟೋ ಇರಲಿಲ್ಲ.

ನಮ್ಮ ಮನೆಯ ಗೋಡೆಯಲ್ಲೂ ಅಂಥದೇ ಚೌಕ ಇದೆ. ಗೊರೂರು ಅಣೆಕಟ್ಟಿನ ಮುಂದೆ ನಾನು, ಹೊಳೆನರಸೀಪುರದ ಅವನು, ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೋ ಅಲ್ಲಿತ್ತು. ಊರವರಿಗೆ ಅವನು ನನ್ನ ಸ್ನೇಹಿತ. ನನಗೆ ನಾಲ್ಕು ವರ್ಷದ ಪ್ರೀತಿ, ಜೀವ. ಕೆಲಸದ ಕಾಗದ ಬಂದಾಗ ನಾನೇ, "ವಿಚಾರಣೆ ಮುಗಿಯೋವರೆಗೂ ಮನೆ ಕಡೆ ತಲೆ ಹಾಕಬೇಡ" ಅಂತ ರೇಗಿದ್ದೆ. ಹೆದರಿಕೆಗೆ ರೇಗಿದ್ದು. ಅವನು ಮತ್ತೆ ಬರಲೇ ಇಲ್ಲ. ನಾನೋ ಮುಂಗೋಪಿ, ಹೋದರೆ ಹೋಗಲಿ ಅಂತ ಫೋನೂ ಮಾಡಲಿಲ್ಲ. ಫೋಟೋ ಎಲ್ಲಿ ಅಂದರೆ ಅವ್ವ, "ಬೆಕ್ಕು ಬೀಳಿಸ್ತು ಕಣ" ಅಂದಿದ್ದಳು.

"ಅಮ್ಮಾ, ಇದನ್ನೆಲ್ಲ ಹೇಳಿಕೊಟ್ಟವರು ಯಾರು?" ಅಂದೆ.

ಆಕೆಯ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು ಸಾ. ನಮ್ಮುಡ್ಗನ ಸ್ನೇಹಿತ, ಒಳೆನರಸೀಪುರದೋನು. ನೀವು ಕುಂತಿರೋ ಕುರ್ಚೀಲೇ ಆಫೀಸರ್ ಥರ ಕುಂತು ಮೂರು ದಿಸ ಕಲಿಸ್ದ. ಫೋಟೋನೂ ಅವ್ನೇ ಇಳಿಸ್ಕಂಡು ಓದ. ಉಬ್ಬಿನ ಮೇಲೆ ಗಾಯದ ಕಲೆ ಇರೋನು ಬಂದ್ರೆ ಕಾಫಿ ಜತೆ ಬೆಲ್ಲ ಮಡುಗವ್ವ ಅಂದಿದ್ದ."

ಕೈ ತಾನಾಗೇ ಹುಬ್ಬಿಗೆ ಹೋಯಿತು. ಹಾಗಾದರೆ ನಾನಿಲ್ಲದಾಗ ಬಂದು ನಮ್ಮವ್ವನಿಗೂ ಪಾಠ ಕಲಿಸಿದ್ದು ಅವನೇ. ತನ್ನ ಫೋಟೋ ತಾನೇ ಇಳಿಸಿಕೊಂಡು ಹೋಗಿದ್ದ. ಬೆಕ್ಕಂತೆ ಬೆಕ್ಕು! ಅವ್ವನಿಗೆ ಎಲ್ಲ ಗೊತ್ತಿತ್ತು.

ಈಗ ಪೆನ್ನು ನನ್ನ ಕೈಲಿ. ಕಾನೂನು ಬದಲಾಗಿದೆ, ಇಂಥ ಪ್ರೀತಿ ಈಗ ಅಪರಾಧವಲ್ಲ, ನಿಜ. ಆದರೆ "ಗುಟ್ಟಿರುವ ಮನುಷ್ಯ, ಬೆದರಿಸಿದರೆ ಬಗ್ಗಿಯಾನು" ಅಂತ ಒಂದು ಸಾಲು ಗೀಚಿದರೆ ಈ ಹುಡುಗನ ಕೆಲಸ ಮಣ್ಣುಪಾಲು. ಗುರುತಿನವರ ಫೈಲನ್ನು ವಾಪಸು ಕೊಡಬೇಕು ಅನ್ನೋದು ನಿಯಮ. ಕೊಟ್ಟರೆ ಕಾರಣ ಬರೆಯಬೇಕು. ಬರೆದರೆ ಮೂವರೂ ಬೀದಿಗೆ. ಗೀಚಿಬಿಡೋಣ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ? ಹೊಟ್ಟೆ ಉರಿಯುತ್ತಿತ್ತು. ನನ್ನ ಜಾಗದಲ್ಲಿ ಈಗ ಈ ಮನೆಯ ಹುಡುಗ. ಇದೇ ಕುರ್ಚಿಯಲ್ಲಿ ಹೊಳೆನರಸೀಪುರದವನು ನನ್ನ ಹಾಗೇ ಹುಬ್ಬು ಗಂಟಿಕ್ಕಿ ಕೂತು, ನಾನು ಕೇಳಬೇಕಾದ್ದನ್ನೆಲ್ಲ ಕೇಳಿ ಎದ್ದು ಹೋಗಿದ್ದ. ಕುರ್ಚಿಯ ಕೈ ಮುಟ್ಟಲೂ ಹೆದರಿಕೆಯಾಯಿತು.

"ಆಕ್ಷೇಪಣೆ ಏನೂ ಇಲ್ಲ" ಅಂತ ಬರೆದು ಸಹಿ ಹಾಕಿ ಎದ್ದೆ. ಆಕೆ ನನ್ನ ಮುಖ ನೋಡಲಿಲ್ಲ, ಬೆಲ್ಲ ಹಾಗೇ ಉಳಿದಿದ್ದ ತಟ್ಟೆ ನೋಡಿದರು. ಕಣ್ಣು ತುಂಬಿತ್ತು.

"ಯಾಕಮ್ಮಾ?"

"ಬೆಲ್ಲ ತಿಂದು ಎದ್ರೆ ಒಳ್ಳೇದೇ ಬರ್ದವ್ನೆ ಅಂತ ತಿಳ್ಕಳವ್ವ, ತಿನ್ದೆ ಎದ್ರೆ ನನ್ಮೇಲಿನ ಕೋಪ ಇನ್ನೂ ಇಳಿದಿಲ್ಲ ಅಂತ ತಿಳ್ಕ, ಅಂದಿದ್ದ ಸಾ."

ಬೆಲ್ಲಕ್ಕೆ ಇರುವೆ ಮುತ್ತಿದ್ದವು. ಊದಿ ಬಾಯಿಗೆ ಹಾಕಿಕೊಂಡೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹೊರಗೆ ಬಂದು ಬೈಕಿನ ಪಕ್ಕ ನಿಂತು, ಅದು ಕರಗುವವರೆಗೂ ಅತ್ತೆ.