ಕಿಟಕಿಯಿಂದ ಕೇಳಿದ ಇಂಗ್ಲಿಷು

೧೯೦೩ರಲ್ಲಿ ನಾನು ಓದು ಬಿಟ್ಟೆ. ಬಿಟ್ಟದ್ದಕ್ಕೆ ನಾಚಿಕೆಯೇನಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ. ಇದ್ದ ಕುರಿಗಳನ್ನು ಮಾರಿ ಗಾಡಿ, ಎತ್ತು ಮಾಡಿಕೊಂಡೆ. ನಮ್ಮೂರು ದುರ್ಗಕ್ಕೆ ರೈಲಿಲ್ಲ. ಹೊಳಲ್ಕೆರೆ ಸ್ಟೇಷನ್ನಿಗೆ ಹತ್ತಿ ಮೂಟೆ ಹೇರುವುದು, ಬರುವಾಗ ಉಪ್ಪು, ಸೀಮೆಎಣ್ಣೆ ತರುವುದು, ಇದೇ ಬದುಕಾಯಿತು. ನನಗೆ ದಕ್ಕದ ಇಂಗ್ಲಿಷು ತಮ್ಮನಿಗಾದರೂ ದಕ್ಕಲಿ ಎಂದು ಅವನನ್ನು ಹೈಸ್ಕೂಲಿಗೆ ಸೇರಿಸಿದೆ.

ಶಾಲೆಯಲ್ಲಿ ಮೇಷ್ಟರು ಓದಿ ಅರ್ಥ ಹೇಳುತ್ತಿದ್ದರು, ಅಷ್ಟೆ. ಮಾತು ಕಲಿಯಬೇಕಾದರೆ ಸಂಜೆ ಒಬ್ಬ ವಕೀಲರ ಮನೆಗೆ ಹೋಗಬೇಕು. ಹಿರಿಯೂರು, ಹೊಸದುರ್ಗದ ಕಡೆಯಿಂದ ಬಂದು ಕೋಣೆ ಮಾಡಿಕೊಂಡಿದ್ದ ಹುಡುಗರೂ ಅಲ್ಲಿಗೇ ಹೋಗುತ್ತಿದ್ದರು. ಅವರಿಗೆಲ್ಲ ಪಡಸಾಲೆಯಲ್ಲಿ ಚಾಪೆ. ನನ್ನ ತಮ್ಮನಿಗೆ ಹೊರಗೆ ಜಗಲಿ, ಕಿಟಕಿಯ ಪಕ್ಕ. ನಾವು ಕುರಿ ಕಾಯುವ ಜಾತಿಯವರು, ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ಊರಿನ ರೀತಿಯೇ ಹಾಗಿತ್ತು. ಪಾಠ ಕಿವಿಗೆ ಬಿದ್ದರೆ ಸಾಕಲ್ಲ ಎಂದುಕೊಂಡೆವು.

"ನಿನ್ನ ತಮ್ಮನಿಗೆಂದೇ ಕಿಟಕಿ ತೆರೆದಿಡುತ್ತೇನಯ್ಯಾ" ಎಂದು ವಕೀಲರು ಆಗಾಗ ಹೇಳುತ್ತಿದ್ದರು, ಗೋದಾನ ಮಾಡಿದವರ ಹಾಗೆ. ಆ ಕಿಟಕಿಯ ಋಣಕ್ಕೆ ಅವರ ಮನೆಯ ಸೌದೆಯನ್ನೆಲ್ಲ ಹಿರೇಗುಂಟನೂರಿನಿಂದ ಬಾಡಿಗೆಯಿಲ್ಲದೆ ತಂದು ಹಾಕಿದವನು ನಾನು. ಸೌದೆ ಹೊಸಿಲು ದಾಟಿ ಒಳಗೆ ಹೋಗುತ್ತಿತ್ತು. ಅದಕ್ಕೆ ಅಡ್ಡಿಯಿರಲಿಲ್ಲ.

ತಮ್ಮ ಮೆಟ್ರಿಕ್ ಪಾಸಾದ. ಮದರಾಸಿನ ಕಾಲೇಜಿನಲ್ಲಿ ಜಾಗ ಸಿಕ್ಕಿತು. ಮಹಾರಾಜರ ಸೀಮೆ ದಾಟಿ ಬೇರೆ ಸರ್ಕಾರ, ಬೇರೆ ಭಾಷೆಯ ನಾಡಿಗೆ ನಮ್ಮ ವಂಶದಲ್ಲಿ ಹೋದವನು ಅವನೇ ಮೊದಲಿಗ. ಮೊದಲ ಬೇಸಿಗೆ ರಜೆಗೆ ಬಂದವನು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ.

"ಯಾಕಲೇ?" ಅಂದೆ.

"ನಾನಿನ್ನು ಹೋಗಲ್ಲಣ್ಣ. ಗಾಡಿ ಹೊಡೀತೀನಿ."

"ಗಾಡಿ ಹೊಡಿಯಾಕೆ ನಾನಿದೀನಿ. ಏನಾತು ಹೇಳು."

ಹೇಳಿದ. ಓದಿದ್ದು ತಿಳಿಯುತ್ತದೆ, ಬರೆಯುವುದಕ್ಕೂ ಬರುತ್ತದೆ. ಬಿಳಿಯ ಪ್ರೊಫೆಸರು ಹೆಸರು ಹಿಡಿದು ಏನಾದರೂ ಕೇಳಿದರೆ ಮಾತ್ರ ಇವನಿಗೆ ಎದ್ದು ನಿಂತರೂ ಬಾಯಿ ಬಿಡಲಾಗುವುದಿಲ್ಲ. ಹೈದರಾಬಾದು, ತಿರುವಾಂಕೂರು, ಮೈಸೂರು, ಹೀಗೆ ಹೊರಗಿನ ಸಂಸ್ಥಾನಗಳಿಂದ ಬಂದವರಿಗೆಂದು ಕಾಲೇಜಿನವರು ಸಂಜೆ ಹೊತ್ತು ಒಬ್ಬ ಬೋಧಕರನ್ನು ಇಟ್ಟಿದ್ದರು. ಅವರೂ ಒಂದು ಪ್ರಶ್ನೆ ಕೇಳಿ, ಸ್ವಲ್ಪ ಕಾದು, ಪಕ್ಕದವನ ಕಡೆ ತಿರುಗುತ್ತಿದ್ದರಂತೆ. ಜೊತೆಯ ಹುಡುಗರು ಅವನಿಗೆ 'ಮೈಸೂರು ಮೂಗ' ಎಂದು ಹೆಸರಿಟ್ಟಿದ್ದರು. ರಜೆ ಮುಗಿಯುವುದರೊಳಗೆ ಮಾತು ಕಲಿತು ಬಾ, ಇಲ್ಲವಾದರೆ ಬರಲೇಬೇಡ ಎಂದು ಪ್ರೊಫೆಸರು ಹೇಳಿ ಕಳಿಸಿದ್ದರು.

"ವಕೀಲ್ರು ಹೇಳಿದ್ದು ನಿಂಗೆ ಕೇಳ್ತಿರ್ಲಿಲ್ವೇನೋ?"

"ಎಲ್ಲಾ ಕೇಳ್ತಿತ್ತಣ್ಣ. ಒಳಗಿದ್ದೋರಿಗೆ ಒಬ್ಬೊಬ್ರಿಗೂ ಪ್ರಶ್ನೆ ಹಾಕಿ ಉತ್ತರ ಹೇಳ್ಸೋರು. ಕೊನೇವ್ನು ಮುಗಿಸಿದ್ರೆ ತಿರ್ಗಾ ಮೊದಲ್ನೇವ್ನು. ಕಿಟಕಿ ಕಡೆ ಒಂದಿನಾನೂ ತಿರುಗ್ಲಿಲ್ಲ."

ನನ್ನ ಮೈ ಉರಿಯಿತು. ಗಾಡಿ ಹೂಡದೆ ನಡೆದೇ ಹೋದೆ. ವಕೀಲರು ಎಲೆ ಅಡಿಕೆ ಮೆಲ್ಲುತ್ತ ಬಾಗಿಲಲ್ಲಿ ನಿಂತಿದ್ದರು.

"ಏನಯ್ಯಾ, ಸೌದೆ ತಂದೆಯಾ?"

"ಇಲ್ಲ ಸ್ವಾಮಿ. ನಮ್ಮ ತಮ್ಮನ ಇಂಗ್ಲಿಷು ನಿಮ್ಮನೇಲೇ ಉಳ್ಕಂಡೈತೆ. ತಗಂಡೋಗಾಣ ಅಂತ ಬಂದೆ."

ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಪಾಠ ಅವನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ಅದು ಹೇಳು."

"ಬೀಳ್ತಿತ್ತು. ಕಿವೀಗೆ ಬಿದ್ದಿದ್ದು ಬಾಯಿಗೆ ಬರಬೇಕಂದ್ರೆ ಯಾರಾದ್ರೂ ಮಾತಾಡಿಸ್ಬೇಕಲ್ಲ ಸ್ವಾಮಿ? ನಾವು ಎತ್ತನ್ನೂ ಮಾತಾಡಿಸ್ತೀವಿ."

"ಆಯಿತು, ಹಾರಾಡಬೇಡ. ನಾಳೆಯಿಂದ ಕಳಿಸು. ಜಗಲಿಯ ಮೇಲೆ ಕೂರಲಿ. ದಿನಕ್ಕೊಂದು ಪ್ರಶ್ನೆ ಕೇಳೋಣ."

ದಿನಕ್ಕೊಂದು! ಉಂಡು ಮಿಕ್ಕಿದ ತುತ್ತನ್ನು ಅಂಗಳಕ್ಕೆ ಎಸೆದ ಹಾಗೆ!

"ಬ್ಯಾಡ ಸ್ವಾಮಿ. ಸೌದೆಗೂ ಬ್ಯಾರೆ ಗಾಡಿ ನೋಡ್ಕಳ್ರಿ" ಎಂದು ಬಂದುಬಿಟ್ಟೆ.

ಸಿಟ್ಟು ಮಾಡಿಕೊಂಡು ಬಂದದ್ದೇನೋ ಸರಿ, ಮುಂದೇನು? ಆಗ ಹೊಳಲ್ಕೆರೆಯ ಸ್ಟೇಷನ್ ಮಾಸ್ತರರ ನೆನಪಾಯಿತು. ತಮಿಳು ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಇಂಗ್ಲಿಷು ಬಲ್ಲವರು, ಕನ್ನಡ ಒಂದಕ್ಷರ ಬಾರದು. ನಮ್ಮ ಗಾಡಿಯವರ ಸಂಗಡ ಅವರ ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ಮಾರನೆಯ ದಿನವೇ ತಮ್ಮನನ್ನು ಮೂಟೆಗಳ ಮೇಲೆ ಕೂರಿಸಿಕೊಂಡು ಹೋಗಿ ಅವರ ಬಾಗಿಲಲ್ಲಿ ನಿಲ್ಲಿಸಿದೆ. "ನಿಮ್ಮ ಮಾತು ಗಾಡಿಯೋರಿಗೆ ಹೇಳ್ತೀನಿ, ಅವ್ರ ಮಾತು ನಿಮಗೆ ಹೇಳ್ತೀನಿ ಅಂತ ನೀನೇ ಮಾಸ್ತರ್ರಿಗೆ ಹೇಳಲೇ" ಅಂದೆ.

ತಮ್ಮ ಕಂಬದ ಹಾಗೆ ನಿಂತ. ಮಾಸ್ತರರು ಏನೋ ಕೇಳಿದರು. ಇವನು ನೆಲ ನೋಡಿದ. ಅವರು ಮತ್ತೊಮ್ಮೆ ಕೇಳಿ, ಲೇಖನಿ ಕೆಳಗಿಟ್ಟು, ಇವನ ಮುಖವನ್ನೇ ನೋಡುತ್ತ ಕಾದರು. ಬೇರೆ ಯಾರ ಕಡೆಗೂ ತಿರುಗಲಿಲ್ಲ. ತಿರುಗುವುದಕ್ಕೆ ಅಲ್ಲಿ ಇಂಗ್ಲಿಷು ಬಲ್ಲ ಬೇರೆ ಯಾರೂ ಇರಲೂ ಇಲ್ಲ. ಬಹಳ ಹೊತ್ತಿನ ಮೇಲೆ ಇವನು ಏನೋ ತೊದಲಿದ. ಮಾಸ್ತರರು ನಕ್ಕು, ಒಳಗೆ ಬಾ ಎಂದು ಕೈ ಮಾಡಿ, ಸ್ಟೂಲು ಎಳೆದು ಹಾಕಿದರು.

ಗಾಡಿಯವರು ಬಿಟ್ಟಾರೆಯೇ? "ಏನಪ್ಪ, ಮದರಾಸಿನ ಸಾಹೇಬ್ರು ಮೂಟೆ ಎಣ್ಸಾಕೆ ಬಂದವ್ರೆ!" ಎಂದು ಒಬ್ಬ ಕೂಗಿದ.

"ಸುಮ್ಕಿರಲೇ, ನಾಳೆ ನಿನ್ನೆತ್ತಿಗೂ ಇಂಗ್ಲಿಷು ಕಲಿಸ್ತಾನೆ" ಎಂದ ಇನ್ನೊಬ್ಬ.

"ನನ್ನೆತ್ತು ಕಲಿತರೆ ಕಲೀಲಿ. ನಂಗಿಂತ ಅದಕ್ಕೇ ಬುದ್ಧಿ ಜಾಸ್ತಿ."

ರಜೆ ಮುಗಿಯುವವರೆಗೂ ತಮ್ಮ ಅಲ್ಲೇ ಉಳಿದ. ಅವರಿಬ್ಬರ ನಡುವೆ ಇಂಗ್ಲಿಷು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಒಂದು ದಿನ ನಾನು ಹೋದಾಗ, ಹೊಸದುರ್ಗದ ಸಾಹುಕಾರರ ಹತ್ತಿ ಮೂಟೆ ಮಳೆಗೆ ನೆನೆದಿದೆಯೆಂದು ಮಾಸ್ತರರಿಗೂ ತಮ್ಮನಿಗೂ ಜೋರು ಜಗಳ ನಡೆದಿತ್ತು. ಇಬ್ಬರದೂ ಏರಿದ ದನಿ. ನನಗೆ ಒಂದು ಮಾತೂ ತಿಳಿಯಲಿಲ್ಲ. ಗಾಡಿಯ ಮುಂದಿನ ಮೂಕಿಮರದ ಮೇಲೆ ಕುಳಿತು ಕೊನೆಯವರೆಗೂ ಕೇಳಿದೆ. ಅಷ್ಟು ಚೆಂದದ ಜಗಳ ನಾನು ಮತ್ತೆ ನೋಡಿಲ್ಲ.

ತಮ್ಮ ಮದರಾಸಿಗೆ ಹೋದ. ಪ್ರೊಫೆಸರು ಎಬ್ಬಿಸಿ ಕೇಳಿದರಂತೆ, ಇವನು ಉತ್ತರ ಹೇಳಿದನಂತೆ. "ಉತ್ತರ ತಪ್ಪಿತ್ತಣ್ಣ, ಆದ್ರೂ ಹೇಳ್ದೆ" ಎಂದು ಮುಂದಿನ ರಜೆಯಲ್ಲಿ ನಕ್ಕ. ಕಾಲಕ್ರಮದಲ್ಲಿ ಬಿ.ಎ. ಕೂಡ ಆಯಿತು.

ಊರವರು ಸಭೆ ಮಾಡಿ ಹಾರ ಹಾಕಿದರು. ವಕೀಲರು ಎದ್ದು ನಿಂತು, "ಈ ಹುಡುಗ ನಮ್ಮ ಮನೆಯ ಪಾಠದಲ್ಲೇ ತಯಾರಾದವನು" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದೆ. ತಯಾರು ಮಾಡಿದರಂತೆ! ಕಣ್ಣೆತ್ತಿ ನೋಡದವರು! ಅವರು ದೊಡ್ಡವರು, ಮರೆತುಬಿಡು ಎಂದು ಹಲವರು ನನಗೆ ಹೇಳಿದ್ದಾರೆ. ಮರೆಯುವುದಿಲ್ಲ. ಈಗ ತಮ್ಮ ಸಂಜೆ ಹೊತ್ತು ನಮ್ಮ ಮನೆಯಲ್ಲೇ ಪಾಠ ಹೇಳುತ್ತಾನೆ. ಯಾರ ಮನೆಯ ಹುಡುಗನಾದರೂ ಒಳಗೆ ಬಂದು ಕೂರಬೇಕು, ಬಾಯಿ ಬಿಟ್ಟು ಉತ್ತರ ಹೇಳಬೇಕು.

ಈಗ ನನಗಿರುವುದು ಮೂರು ಗಾಡಿ, ಆರು ಎತ್ತು, ಒಂದು ಹಂಚಿನ ಮನೆ, ಅದರ ನಡುಮನೆಯಲ್ಲಿ ಗಲಾಟೆ ಮಾಡುವ ಹನ್ನೊಂದು ಹುಡುಗರು.